ಗೋಡೆಗೆ ಹೇಳಿದ ಮಾತು

ಆ ಬೆಳಿಗ್ಗೆ ಹೆಂಡತಿಗೆ ಏನೋ ಆಗಿದೆ ಎಂದು ಗಾಬರಿಬಿದ್ದು ಆಟೋ ಕರೆಸಿದವನು ನಾನು. ಈಗ ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಎದೆ ಹಿಂಡಿದಂತಾಗುತ್ತದೆ.

ತಲೆ ಸ್ವಲ್ಪ ಭಾರವಿತ್ತು, ಅದನ್ನು ಬಿಟ್ಟರೆ ಎಂದಿನ ಬೆಳಿಗ್ಗೆಯೇ. ಮಂಚದ ಮೇಲೆ ಮಲಗಿಕೊಂಡೇ ಎಲ್ಲ ಕೇಳುತ್ತಿದ್ದೆ. ಹಾಲಿನವನ ಗಾಡಿ ಬಂದು ನಿಂತಿತು. ವಾಡಿ ಕಡೆಗೆ ಹೋಗುವ ಗೂಡ್ಸ್ ರೈಲು ಶಹಾಬಾದ್ ಸ್ಟೇಷನ್ ದಾಟುತ್ತಾ ಕೂಗಿತು. ಅಡುಗೆಮನೆಯಲ್ಲಿ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಡುವೆ ಬಡಿಯುವುದನ್ನು ನಿಲ್ಲಿಸಿ ಏನೋ ಅಂದಳು. ನನಗೆ ಕೇಳಿಸಿದ್ದು ಅವಳದೇ ದನಿ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದನಿಯೊಳಗೆ ಮಾತಿರಲಿಲ್ಲ. ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಅಲುಗಾಡಿಸಿದಂತೆ ಗಳಗಳ ಸಪ್ಪಳವಷ್ಟೇ.

"ಏನಂದಿ?" ಎಂದೆ. ಮತ್ತೆ ಗಳಗಳ. ಎದ್ದು ಹೋಗಿ ಅವಳ ಮುಖ ನೋಡಿದೆ. ಬಾಯಿ ಸೊಟ್ಟಗಾಗಿರಲಿಲ್ಲ, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಆದರೂ ನನಗೆ ಖಾತ್ರಿಯಾಯಿತು, ಇವಳ ನಾಲಿಗೆಗೆ ಲಕ್ವಾ ಹೊಡೆದಿದೆ. ಹೊರಗೆ ಓಡಿ ಪಕ್ಕದ ಮನೆಯವನನ್ನು ಕೂಗಿ, "ಇಕಿ ಬಾಯಿಗಿ ಲಕ್ವಾ ಹೊಡದದ, ಲಗೂನ ಆಟೋ ತರ್ರಿ" ಎಂದೆ. ಅವನೂ ಅದೇ ಗಳಗಳ ಭಾಷೆಯಲ್ಲಿ ಏನೋ ಉತ್ತರ ಕೊಟ್ಟ. ಇವನೂ ಗಾಬರಿಯಲ್ಲಿ ತೊದಲುತ್ತಿದ್ದಾನೆ ಅಂದುಕೊಂಡೆ.

ಆಟೋದಲ್ಲಿ ನಾನು ಅವಳ ಭುಜ ಹಿಡಿದಿದ್ದೆ, ಅವಳು ನನ್ನ ಭುಜ ಹಿಡಿದಿದ್ದಳು. ನಾನು ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ, ಅವಳು ನನ್ನನ್ನು. ಅಲ್ಲಿ ಡಾಕ್ಟರು ಬಾಯಿ ತೆರೆದರು, ಗಳಗಳ. ನರ್ಸಮ್ಮ, ಚೀಟಿ ಬರೆಯುವವನು, ಚಹಾ ತಂದವನು, ಎಲ್ಲರದ್ದೂ ಅದೇ. ಇಡೀ ಶಹಾಬಾದಿಗೆ ಒಂದೇ ಬೆಳಿಗ್ಗೆ ಲಕ್ವಾ ಹೊಡೆಯಲಾರದು ಎಂದು ಆಗ ಹೊಳೆಯಿತು. ಗೋಡೆಯ ಮೇಲಿನ ಬೋರ್ಡು ಓದಿದೆ. ಚಪ್ಪಲಿ ಹೊರಗೆ ಬಿಡಬೇಕು, ಎಲ್ಲೆಂದರಲ್ಲಿ ಉಗುಳಬಾರದು, ಎಲ್ಲ ಸ್ಪಷ್ಟವಾಗಿ ಅರ್ಥವಾಯಿತು. ಫ್ಯಾನ್ ತಿರುಗುವುದು ಕೇಳುತ್ತಿತ್ತು, ಹೊರಗೆ ಕಾಗೆ ಕೂಗುವುದು ಕೇಳುತ್ತಿತ್ತು. ಮನುಷ್ಯರ ಮಾತು ಮಾತ್ರ ಇರಲಿಲ್ಲ. ನನ್ನ ಮಾತು ಕೂಡ ನನ್ನ ಕಿವಿಗೆ ಹಾಗೇ ಬೀಳುತ್ತಿತ್ತು. ಏನು ಹೇಳುತ್ತಿದ್ದೇನೆ ಎಂಬುದು ಒಳಗೆ ಗೊತ್ತಿದ್ದರಿಂದ ಅದುವರೆಗೆ ಗಮನಿಸಿರಲಿಲ್ಲ.

ಬಿಪಿ ಹೆಚ್ಚಾಗಿದೆ ಎಂದು ಗುಳಿಗೆ ಕೊಟ್ಟು ಕಳಿಸಿದರು. ಕೈಕಾಲು ಸರಿಯಾಗಿದ್ದವು, ನಡಿಗೆ ಸರಿಯಾಗಿತ್ತು, ಮಾತಾಡುತ್ತಿದ್ದೆ, ಸ್ವಲ್ಪ ಜೋರಾಗಿ ಅಷ್ಟೇ. ಲಕ್ವಾ ಎಂದರೆ ನಮ್ಮ ಜನಕ್ಕೆ ಸೊಟ್ಟ ಬಾಯಿ, ಎಳೆದು ಹಾಕುವ ಕಾಲು. ಅದಿಲ್ಲದ ಮೇಲೆ ಇದೇನೆಂದು ಕಂಡುಹಿಡಿಯಲು ನಮ್ಮೂರಿನಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಂಜೆಯೊಳಗೆ ತೀರ್ಪು ಸಿದ್ಧವಾಗಿತ್ತು: ಮಷಿನ್ ಕಿವುಡು.

ನಮ್ಮಲ್ಲಿ ಕಿವಿ ಹೋಗುವುದು ಹೊಸದಲ್ಲ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲನ್ನು ನಾವು ಫರ್ಸಿ ಅನ್ನುತ್ತೇವೆ. ಖಣಿಯಿಂದ ಬಂದ ಫರ್ಸಿಯನ್ನು ಅಳತೆಗೆ ಕೊಯ್ದು ಪಾಲಿಶ್ ಮಾಡುವ ಶೆಡ್ಡಿನಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಲ್ಲಿ ಕೊಯ್ಯುವ ಬ್ಲೇಡು ಶುರುವಾದರೆ ಪಕ್ಕದಲ್ಲಿ ಪಟಾಕಿ ಹಾರಿಸಿದರೂ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ನಾವ್ಯಾರೂ ಅಲ್ಲಿ ದನಿ ತೆಗೆಯುವುದಿಲ್ಲ. ಎದುರಿಗೆ ನಿಂತು ತುಟಿಯನ್ನು ದೊಡ್ಡದಾಗಿ ಅಲುಗಿಸುತ್ತೇವೆ, ಕೈ ಸೇರಿಸುತ್ತೇವೆ. ಚಹಾ, ಬೈಗುಳ, ಮಾಲೀಕ ಬಂದ ಸುದ್ದಿ, ಮಗಳ ಮದುವೆ, ಎಲ್ಲವೂ ತುಟಿಯಲ್ಲೇ. ಹೊಸದಾಗಿ ಬಂದವನು ಕೆಲವು ದಿನ ಪೆದ್ದನ ಹಾಗೆ ನಿಲ್ಲುತ್ತಾನೆ, ಆಮೇಲೆ ಅವನೂ ಕಲಿಯುತ್ತಾನೆ.

ನನ್ನ ಕೆಲಸ ಕಲ್ಲು ಬಡಿದು ನೋಡುವುದು. ಲಾರಿಗೆ ಹೇರುವ ಮೊದಲು ಪ್ರತಿಯೊಂದು ಫರ್ಸಿಯನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ. ಒಳಗೆಲ್ಲೋ ಕಣ್ಣಿಗೆ ಕಾಣದ ಸೀಳಿದ್ದರೆ ಬದ್ದ್ ಎಂದು ಅಲ್ಲೇ ಸತ್ತುಹೋಗುತ್ತದೆ. ಅದಕ್ಕೆ ಶೆಡ್ಡಿನ ಹಿಂದೆ, ಬ್ಲೇಡಿಗೆ ದೂರದಲ್ಲಿ ನನ್ನದೊಂದು ಜಾಗವಿತ್ತು. ಬಿಡುವಾದಾಗಲೆಲ್ಲ ಒಳಗೆ ಹೋಗಿ ಬ್ಲೇಡು ನಡೆಸುವ ಮಷಿನಿನವನ ಜೊತೆ ತುಟಿ ಹರಟೆ ಹೊಡೆದು ಬರುತ್ತಿದ್ದೆ.

ಮಷಿನ್ ಕಿವುಡಿಗೆ ನಮ್ಮೂರಿನ ಮದ್ದು ಒಂದೇ: ಸಪ್ಪಳದಿಂದ ದೂರ ಇಡುವುದು. ಹೆಂಡತಿಯ ತವರೂರು ದಂಡೋತಿಯಿಂದ ಬಂದ ಅವಳ ತಮ್ಮ ದೊಡ್ಡ ಮನುಷ್ಯನ ಹಾಗೆ ಕುಳಿತು ಅದನ್ನೇ ಹೇಳಿದನಂತೆ. "ಮಾವಗ ಇನ್ನ ಶೆಡ್ಡಿಗಿ ಕಳಸಬ್ಯಾಡ್ರಿ. ಮನ್ಯಾಗ ಶಾಂತ ಕುಂದರ್ಲಿ, ಕಿವಿ ತಾನೇ ತಿಳಿ ಆಗ್ತದ." ಇದನ್ನೆಲ್ಲ ನನಗೆ ಆಮೇಲೆ ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದವಳು ಮಗಳು. ಅವಳನ್ನು ಸೇಡಂಗೆ ಕೊಟ್ಟಿದ್ದೇವೆ. ಅಲ್ಲಿ ಶಾಲೆಯಲ್ಲಿ ಕಲಿಸುತ್ತಾಳೆ, ರಜೆ ಸಿಕ್ಕಾಗ ಚಿತ್ತಾಪುರ, ವಾಡಿ ದಾಟಿ ನಮ್ಮಲ್ಲಿಗೆ ಬರುತ್ತಾಳೆ. ತಮ್ಮರಾಯ ಕೈ ಬೀಸಿಕೊಂಡು ಬಂದಿರಲಿಲ್ಲ. ಕಲಬುರಗಿಯಿಂದ ಕಿವಿ ಮಷಿನ್ನೂ ತಂದಿದ್ದ. ಹಾಕಿಕೊಂಡೆ. ಅರ್ಥವಾಗದ್ದು ಇನ್ನಷ್ಟು ಜೋರಾಗಿ ಅರ್ಥವಾಗದೆ ಹೋಯಿತು. ಕೊಡದ ಮುಚ್ಚಳ ಬಿದ್ದರೆ ತಲೆಯೊಳಗೆ ಸಿಡಿಲು. ತೆಗೆದು ಗೂಡಿನಲ್ಲಿಟ್ಟೆ. ಅದನ್ನು ಹಾಕಿಕೊಳ್ಳದ್ದೂ ನನ್ನ ಹಠವೆಂದೇ ಲೆಕ್ಕವಾಯಿತು.

ಹೀಗೆ ನನ್ನನ್ನು ಶಾಂತಿಯಲ್ಲಿ ಕೂಡಿಹಾಕಿದರು.

ಜೈಲಿನಲ್ಲಿದ್ದವನಿಗಾದರೂ ಪಕ್ಕದ ಕೋಣೆಯವನ ಮಾತು ತಿಳಿಯುತ್ತದೆ. ನನಗೆ ಬಾಗಿಲು ತೆರೆದೇ ಇತ್ತು, ಆದರೆ ಯಾವ ಕಡೆ ಹೋದರೂ ಅದೇ ಗೋಡೆ. ಮಾತಾಡಿಸಲು ಬಂದವರು ಕಿವಿಯ ಬಳಿ ಬಾಯಿಟ್ಟು ಒದರುತ್ತಿದ್ದರು. ಕಿವಿಯ ಬಳಿ ಬಂದರೆ ಅವರ ಮುಖ ಕಾಣುತ್ತಿರಲಿಲ್ಲ, ಉಗುಳು ಮಾತ್ರ ಸಿಗುತ್ತಿತ್ತು. ಮೊದಮೊದಲು ನಕ್ಕು ತಲೆಯಾಡಿಸುತ್ತಿದ್ದೆ. ಅದಕ್ಕೆ ಅವರು ಇನ್ನೂ ಉದ್ದ ಮಾತಾಡುತ್ತಿದ್ದರು. ತಲೆಯಾಡಿಸದಿದ್ದರೆ ಇನ್ನೂ ಜೋರಾಗಿ ಒದರುತ್ತಿದ್ದರು. ಕೊನೆಗೆ ಯಾರು ಬಂದರೂ ಮುಸುಕು ಹಾಕಿ ಮಲಗಿದೆ. ಮುಸುಕಿನೊಳಗೂ ಕೇಳುತ್ತಿತ್ತು, ಅದೇ ಸಂಕಟ. ಪೂರ್ತಿ ಕಿವುಡಾಗಿದ್ದರೆ ನೆಮ್ಮದಿಯಾದರೂ ಇರುತ್ತಿತ್ತು. ಬಾಗಿಲಾಚೆ ಹೆಂಡತಿ ಮತ್ತು ಅವಳ ತಮ್ಮ ಗಂಟೆಗಟ್ಟಲೆ ಗಳಗಳ ಅನ್ನುತ್ತಿದ್ದರೆ ನನ್ನ ಬಗ್ಗೆಯೇ ಎಂದು ತಿಳಿಯುತ್ತಿತ್ತು. ಅವಳ ದನಿ ಬಿಗಿಯುವುದು, ಒಡೆಯುವುದು, ಅಳುವುದು ತಿಳಿಯುತ್ತಿತ್ತು. ಯಾಕೆ ಅಳುತ್ತಾಳೆ ಎಂಬುದು ಮಾತ್ರ ನನ್ನ ಕೈಗೆ ಸಿಗುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗದೆ ತಟ್ಟೆ ಸರಿಸಿ ಏಳುತ್ತಿದ್ದೆ.

ಅವಳ ಮಾತಿನ ಬಗ್ಗೆ ಒಂದು ವಿಷಯ ಹೇಳಬೇಕು. ಅವಳ ತವರಿನ ಹೆಂಗಸರು ಗಂಡನ ಮುಖ ನೋಡಿ ಮಾತಾಡುವವರಲ್ಲ. ಕಾಗಿಣಾ ನದಿಯ ದಂಡೆಯ ಆ ಮನೆಯಲ್ಲಿ ಅವಳ ಅವ್ವ ಹಾಗಿದ್ದಳು, ಅವ್ವನ ಅವ್ವ ಆಯಿಯೂ ಹಾಗಿದ್ದಳಂತೆ. ತಲೆಯ ಮೇಲಿನ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಒಲೆಗೋ ಗೋಡೆಗೋ ಮುಖ ಮಾಡಿ, "ಊಟಕ್ಕ ಏಳಬೇಕಂತ", "ಜ್ವಾಳ ತೀರಾವಂತ" ಎಂದು ಯಾರಿಗೋ ಹೇಳಿದಂತೆ ಹೇಳುವುದು. ಮದುವೆಯಾದ ಹೊಸತರಲ್ಲಿ ನಾನು ಚೇಷ್ಟೆಗೆ ಗೋಡೆಯ ಕಡೆ ತಿರುಗಿ, "ಗ್ವಾಡಿ, ನಿನಗಾ ಕರಿಲಿಕತ್ತಾಳ ನೋಡು" ಎನ್ನುತ್ತಿದ್ದೆ. ಅವಳು ಸೆರಗಿನೊಳಗೇ ನಗುತ್ತಿದ್ದಳು. ಇಷ್ಟು ವರ್ಷಗಳ ಸಂಸಾರ, ಜಗಳ, ಸಮಾಧಾನ, ಎಲ್ಲವೂ ಹಾಗೇ ನಡೆದಿತ್ತು. ಮುಖ ಕಾಣದಿದ್ದರೇನು, ದನಿ ಬರುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ಒಂದು ದಿನ ಮಷಿನಿನವನು ನನ್ನನ್ನು ನೋಡಲು ಮನೆಗೆ ಬಂದ. ಅಭ್ಯಾಸ ಎಲ್ಲಿ ಹೋಗಬೇಕು? ಎದುರಿಗೆ ಕುಳಿತವನೇ ಶೆಡ್ಡಿನಲ್ಲಿದ್ದಂತೆ ತುಟಿ ದೊಡ್ಡದು ಮಾಡಿ, ಕೈ ಆಡಿಸಿ, ಮನೆಯಾದ್ದರಿಂದ ದನಿಯನ್ನೂ ಸೇರಿಸಿ, "ಆರಾಮ್ ಅದೀರಿ? ನೀವಿಲ್ಲದ ಮಾಲು ವಾಪಸ್ ಬರ್ಲಿಕತ್ತದ" ಎಂದ. ತುಟಿ ನೋಡಿ ನನಗೆ ತಿಳಿಯಿತು! ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯ ನನ್ನೊಂದಿಗೆ ಮಾತಾಡಿದ್ದ. ನಾನು ಉತ್ತರ ಕೊಟ್ಟೆ, ಅವನು ಬಯ್ದ, ನಾನು ಬಯ್ದೆ, ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಚಹಾ ತಂದಿಟ್ಟ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಅವನು ಹೋದ ಮೇಲೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಆ ಹೊತ್ತಿನಿಂದ ಅವಳ ದನಿ ನಿಂತಿತು. ಗೋಡೆಗೂ ಹೇಳಲಿಲ್ಲ, ಒಲೆಗೂ ಹೇಳಲಿಲ್ಲ. ಊಟದ ಹೊತ್ತಿಗೆ ತಟ್ಟೆಯನ್ನು ನೆಲಕ್ಕೆ ಕುಕ್ಕುವುದು, ಅದೇ ಕರೆ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಉಳಿಯಿತು. ಕಲ್ಲು ಬಡಿದ ಕಿವಿ ನನ್ನದು, ಆ ಸಪ್ಪಳದಲ್ಲಿ ಸಿಟ್ಟೆಷ್ಟು ದುಃಖವೆಷ್ಟು ಎಂದು ಬಿಡಿಸಿ ಹೇಳಬಲ್ಲೆ. ದುಃಖವೇ ಹೆಚ್ಚಿತ್ತು.

ಮುಂದಿನ ರಜೆಗೆ ಬಂದ ಮಗಳು ಅವಳ ಹತ್ತಿರ ಬಹಳ ಹೊತ್ತು ಕುಳಿತು, ಮುಖ ಸಣ್ಣದು ಮಾಡಿಕೊಂಡು ನನ್ನ ಬಳಿ ಬಂದು ಮೊಬೈಲು ಹಿಡಿದಳು. ಅದರಲ್ಲಿ ಬರೆದಿತ್ತು: "ಅವ್ವ ಅಂತಾಳ, ಅವರಿಗಿ ಎಲ್ಲಾ ಕೇಳಸ್ತದ. ರೈಲು ಕೇಳಸ್ತದ, ಬೆಕ್ಕು ಕೇಳಸ್ತದ, ಮಷಿನಿನವನ ಮಾತು ಕೇಳಸ್ತದ. ನನ್ನ ಮಾತು ಅಷ್ಟೇ ಬ್ಯಾಡಾಗ್ಯಾದ." ಹೆಂಡತಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತದೆ. ನಾನು ಬರೆದರೆ ಅವಳು ಓದಲಾರಳು, ಅವಳು ಹೇಳಿದರೆ ನಾನು ಕೇಳಲಾರೆ. ನನಗೆ ಬಾಯಿ ಇತ್ತಲ್ಲ, ಹೇಳಿದೆ, "ಹಂಗಿಲ್ಲ, ಖರೆ ತಿಳಿಯಂಗಿಲ್ಲ ನನಗ" ಎಂದು ಕೂಗಿಕೂಗಿ ಹೇಳಿದೆ. ಜೋರಾಗಿ ಹೇಳುವವನನ್ನು ಯಾರು ನಂಬುತ್ತಾರೆ? ಬಯ್ಯುತ್ತಿದ್ದೇನೆ ಎಂದುಕೊಂಡು ಅವಳು ಹಿತ್ತಿಲಿಗೆ ಎದ್ದುಹೋದಳು.

ಮಗಳಿಗೆ ಮಾತ್ರ ಏನೋ ಹೊಳೆದಿತ್ತು. ಕಿವಿ ಡಾಕ್ಟರಲ್ಲ, ತಲೆಯ ಡಾಕ್ಟರಿಗೆ ತೋರಿಸೋಣ ಎಂದು ಹಠ ಹಿಡಿದಳು. ಗೊತ್ತುಮಾಡಿದ ದಿನ ನಾನೂ ಹೆಂಡತಿಯೂ ಶಹಾಬಾದಿನಲ್ಲಿ ಹೈದರಾಬಾದಿನ ರೈಲು ಹತ್ತಿದೆವು, ಅವಳು ಸೇಡಂನಲ್ಲಿ ಹತ್ತಿ ಸೇರಿಕೊಂಡಳು. ಹೈದರಾಬಾದಿನವರೆಗೆ ಹೆಂಡತಿ ಕಿಟಕಿಯ ಹೊರಗೇ ನೋಡುತ್ತಾ ಕುಳಿತಿದ್ದಳು.

ಆ ಡಾಕ್ಟರು ತಲೆಯ ಫೋಟೋ ತೆಗೆಸಿ ನೋಡಿದ ಮೇಲೆ, ನನ್ನ ಹಿಂದೆ ನಿಂತು ಕೀಲಿ ಗೊಂಚಲು ಅಲುಗಾಡಿಸಿದರು. ಕೀಲಿ ಎಂದೆ. ಕಾಗದ ಹರಿದರು, ಲೋಟಕ್ಕೆ ನೀರು ಸುರಿದರು, ಕೆಮ್ಮಿದರು, ಎಲ್ಲ ಹೇಳಿದೆ. ಆಮೇಲೆ ಹಿಂದಿನಿಂದಲೇ ಮಾತಾಡಿದರು. ಗಳಗಳ. ಎದುರಿಗೆ ಬಂದು, ಮಗಳು ಹೇಳಿಕೊಟ್ಟ ಕನ್ನಡದಲ್ಲಿ, ಸಾವಕಾಶ, ಒಂದೊಂದೇ ಮಾತು ಬಿಡಿಸಿ, "ನಿಮ್ಮ... ಊರು... ಯಾವುದು?" ಎಂದರು. ತುಟಿ ನೋಡುತ್ತಾ ಕೇಳಿದಾಗ ಆ ಸಪ್ಪಳದೊಳಗಿನಿಂದ ಮಾತು ತಲೆ ಎತ್ತಿತು. "ಶಹಾಬಾದ್" ಎಂದು ಒದರಿದೆ. ಡಾಕ್ಟರು ಬೆಚ್ಚಿಬಿದ್ದು ನಕ್ಕರು.

ಒಂದು ಹಾಳೆಯ ಮೇಲೆ ತಲೆಯ ಚಿತ್ರ ಬರೆದು ತೋರಿಸಿದರು, ಮಗಳು ಪಕ್ಕದಲ್ಲಿ ಕನ್ನಡದಲ್ಲಿ ಬರೆಯುತ್ತಾ ಹೋದಳು. ಕಿವಿ ಬರೀ ಬಾಗಿಲು. ಒಳಗಿನ ಶಂಖದಂಥ ಸುರುಳಿಯಲ್ಲಿ ನೀರಿದೆ, ಕೂದಲಿಗಿಂತ ಸಣ್ಣ ಎಳೆಗಳಿವೆ. ಅವು ಅಲುಗಿದಾಗ ಸಪ್ಪಳ ನರಕ್ಕೆ ಸೇರುತ್ತದೆ. ನರದಿಂದ ಮೆದುಳಿನ ಬುಡಕ್ಕೆ. ಅಲ್ಲಿ ಎಡಗಿವಿಯದು ಬಹುಪಾಲು ಬಲಕ್ಕೆ ದಾಟುತ್ತದೆ, ಬಲದ್ದು ಎಡಕ್ಕೆ. ಸಪ್ಪಳ ಯಾವ ದಿಕ್ಕಿನದೆಂಬ ತಾಳೆ ಅಲ್ಲೇ ಬೀಳುತ್ತದೆ. ಅಲ್ಲಿಂದ ಮೇಲೇರಿ ಕಣತಲೆಯ ಒಳಗಿನ ಜಾಗಕ್ಕೆ ಹೋಗುತ್ತದೆ. ಅದು ರೈಲೋ ಬೆಕ್ಕೋ ಮನುಷ್ಯನೋ ಎಂದು ಗುರುತಾಗುವುದು ಅಲ್ಲಿಂದ ಮುಂದೆ. ಮಾತನ್ನು ಬಿಡಿಸುವ ಜಾಗಕ್ಕೆ, ಹೆಚ್ಚಿನವರಲ್ಲಿ ಎಡಗಡೆಗೆ, ಬೇರೆಯೇ ದಾರಿ. ನನಗೆ ಬಲಗಡೆ ಯಾವಾಗಲೋ ರಕ್ತ ಕಟ್ಟಿ ಒಂದು ಸಣ್ಣ ಪೆಟ್ಟು, ಲಕ್ವಾದಂಥದ್ದೇ, ಬಿದ್ದು ಗೊತ್ತಾಗದೆಯೇ ಹೋಗಿತ್ತಂತೆ. ಈಗಿನದು ಎಡಗಡೆ ಬಿದ್ದಿತ್ತು. ಎರಡೂ ಸೇರಿ ಮಾತಿನ ದಾರಿಯನ್ನು ಮುಚ್ಚಿದ್ದವು. ಚಿತ್ರ ನೋಡಿ ನನಗೆ ನೆನಪಾದದ್ದು ವಾಡಿ ಜಂಕ್ಷನ್. ಗಾಡಿ ಅಲ್ಲಿಯವರೆಗೆ ಸರಿಯಾಗಿಯೇ ಬರುತ್ತದೆ, ಒಂದು ಕಡೆಯ ಹಳಿ ಮಾತ್ರ ಕಿತ್ತುಹೋಗಿದೆ.

ಮಾತು ಬಹಳ ಅವಸರದ್ದಂತೆ. 'ಪ'ಕ್ಕೂ 'ಬ'ಕ್ಕೂ ನಡುವಿನ ಅಂತರ ಕಣ್ಣು ಮಿಟುಕಿಸುವ ಹೊತ್ತಿಗಿಂತ ಎಷ್ಟೋ ಕಡಿಮೆ, ಅದನ್ನು ಹಿಡಿಯುವ ಶಕ್ತಿಯೇ ಹೋಗಿದೆ. ಆದ್ದರಿಂದ ಜೋರು ಮಾಡಿ ಪ್ರಯೋಜನವಿಲ್ಲ, ಸಾವಕಾಶ ಮಾಡಬೇಕು, ಮುಖ ತೋರಿಸಬೇಕು. ಇನ್ನೆಷ್ಟು ಸರಿಹೋಗುತ್ತದೆ ಎಂದು ಕೇಳಿದೆ. ಡಾಕ್ಟರು ಸುಳ್ಳು ಹೇಳಲಿಲ್ಲ, ಕೈ ಅಗಲಿಸಿದರು.

ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡಳು. ಹೊರಗೆ ಬೆಂಚಿನ ಮೇಲೆ ಮಗಳು ಅವಳಿಗೆ ಮತ್ತೆ ಬಿಡಿಸಿ ಹೇಳಿ, ಹೇಳಿದ್ದನ್ನು ನನಗೂ ಬರೆದು ತೋರಿಸಿದಳು. "ಅವ್ವಾ, ಅಪ್ಪನ ಎದುರಿಗಿ ನಿಂತು, ಬಾಯಿ ಮ್ಯಾಗಿನ ಸೆರಗು ತಗದು ಮಾತಾಡು, ತಿಳೀತದ." ಹೆಂಡತಿ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಅವಳ ಉತ್ತರವನ್ನೂ ಮಗಳು ಬರೆದಳು. "ಈ ವಯಸ್ಸಿನ್ಯಾಗ ಗಂಡನ ಮಾರಿಗಿ ಬಾಯಿ ತೆರದು ನಿಂದರ್ಲ್ಯಾ? ನನ್ನ ಕೈಲಿ ಆಗಂಗಿಲ್ಲವ್ವ."

ಅವಳ ಅನುಮಾನ ಹೋಯಿತು, ಸಿಟ್ಟೂ ಇಳಿಯಿತು. ಆದರೆ ನಾನಿದ್ದಲ್ಲೇ ಇದ್ದೆ. ಅವಳು ಪಾಪ, ಮತ್ತೆ ಮಾತಾಡತೊಡಗಿದಳು, ಸಾವಕಾಶವಾಗಿಯೇ, ಆದರೆ ಒಲೆಯ ಕಡೆ ಮುಖ ಮಾಡಿ. ಒಮ್ಮೊಮ್ಮೆ ತಿರುಗಲು ನೋಡುತ್ತಿದ್ದಳು, ಕಣ್ಣು ಕೂಡಿದ ಕೂಡಲೇ ಸೆರಗು ಮೇಲೇರುತ್ತಿತ್ತು. ಮನೆಯ ಆ ಮೌನದಲ್ಲಿ ಅವಳ ಸಣ್ಣ ದನಿಯೂ ಊರಿಗೆಲ್ಲ ಕೇಳುವಂತೆ ಅವಳಿಗೆ ಅನಿಸುತ್ತಿತ್ತೇನೋ. ನಾನು ಅವಳ ಬೆನ್ನು ನೋಡುತ್ತಾ ಊಟ ಮಾಡುತ್ತಿದ್ದೆ. ಸೆರಗು ತೆಗೆ ಎಂದು ಗದರಿಸಲು ಮನಸ್ಸಾಗಲಿಲ್ಲ, ಬೇಡಿಕೊಳ್ಳಲು ಬಿಗುಮಾನ ಬಿಡಲಿಲ್ಲ.

ಸಪ್ಪಳದಿಂದ ಏನೂ ಕೆಡುವುದಿಲ್ಲ, ಬೇಕಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರಿಂದ ಶೆಡ್ಡಿಗೆ ಹೋಗತೊಡಗಿದೆ. ಕಲ್ಲು ಟಣ್ ಎಂದಿತು, ಬದ್ದ್ ಎಂದಿತು, ಯಾವುದನ್ನೂ ಮರೆತಿರಲಿಲ್ಲ. ಒಳಗೆ ಬ್ಲೇಡಿನ ಅಬ್ಬರದಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ, ಅಲ್ಲಿ ನಾನು ಎಲ್ಲರಂಥವನೇ. ಕೆಲಸ ಮುಗಿದರೂ ಮನೆಗೆ ಹೋಗದೆ ಅಲ್ಲೇ ಕುಳಿತಿರುತ್ತಿದ್ದೆ. ಒಂದು ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ನೆಲ ನೋಡುತ್ತಾ ಏನೋ ಕೇಳಿದಳು. ಯಾಕಿಷ್ಟು ಬೇಗ ಹೊರಟಿರಿ ಎಂದಿರಬೇಕು. ತಡೆಯಲಾರದೆ, "ನನಗ ಅಲ್ಲೇ ಛಲೋ ಅದ. ಅಲ್ಲಿ ನಾ ಮನಷ್ಯಾ ಅದೀನಿ" ಎಂದುಬಿಟ್ಟೆ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವತ್ತು ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಅವಳೇ ಶೆಡ್ಡಿಗೆ ಬಂದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಕಾಲಿಟ್ಟವಳಲ್ಲ. ನಾನು ಒಳಗೆ ಮಷಿನಿನವನ ಪಕ್ಕ ನಿಂತಿದ್ದೆ. ಬ್ಲೇಡು ಕಲ್ಲಿಗೆ ತಾಗಿ ಅರಚುತ್ತಿತ್ತು, ಬಿಳಿ ನೀರು ಹಾರುತ್ತಿತ್ತು. ಅವಳು ಸೆರಗಿನೊಳಗಿಂದ ಏನೋ ಅಂದಿರಬೇಕು, ಯಾಕೆಂದರೆ ಒಮ್ಮೆಗೇ ಬೆಚ್ಚಿ ನಿಂತಳು. ತನ್ನ ದನಿ ತನಗೇ ಕೇಳಿಸಿರಲಿಲ್ಲ. ಸೆರಗಿನ ಹಿಂದೆ ದವಡೆ ಮತ್ತೊಮ್ಮೆ ಅಲುಗಿತು. ಯಾರೂ ತಲೆಯೆತ್ತಲಿಲ್ಲ. ಸುತ್ತ ನೋಡಿದಳು. ಇಲ್ಲಿ ಏನು ಹೇಳಿದರೂ ಯಾರ ಕಿವಿಗೂ ಬೀಳುವುದಿಲ್ಲ ಎಂದು ಅವಳಿಗೆ ಧೈರ್ಯ ಬಂದಿತು.

ನನ್ನೆದುರಿಗೆ ಬಂದು ನಿಂತಳು. ಬಾಯಿಂದ ಸೆರಗು ತೆಗೆದಳು. ಅವಳ ಬಾಯಿಯನ್ನು ನಾನು ಹಾಗೆ ಹಗಲು ಬೆಳಕಿನಲ್ಲಿ, ಅಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ತುಟಿಯ ಪಕ್ಕ ಒಂದು ಸಣ್ಣ ಕಪ್ಪು ಮಚ್ಚೆ ಇದೆ, ಅದೂ ನನಗೆ ಗೊತ್ತಿರಲಿಲ್ಲ. ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಮನಿಗಿ ಬರ್ರಿ. ಗ್ವಾಡಿ ಕೂಡ ಮಾತಾಡಿ ಮಾತಾಡಿ ನನಗ ಸಾಕಾಗ್ಯಾದ."

ಅವಳಿಗೆ ಒಂದು ವಿಷಯ ಗೊತ್ತಿರಲಿಲ್ಲ. ಆ ಶೆಡ್ಡಿನಲ್ಲಿ ತುಟಿ ಓದಲು ಬಾರದವನು ಒಬ್ಬನೂ ಇರಲಿಲ್ಲ. ಮಷಿನಿನವನು ಮೊದಲು ಮುಖ ತಿರುಗಿಸಿ ಬ್ಲೇಡು ನೋಡತೊಡಗಿದ. ಹೇರುವವರು ಕಲ್ಲಿನ ರಾಶಿಯ ಕಡೆ ತಿರುಗಿದರು. ಎಲ್ಲರೂ ನಮಗೆ ಬೆನ್ನು ಮಾಡಿ ನಿಂತರು.

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಲೇಡಿನ ಅರಚು ಇಳಿಯುತ್ತಾ ಇಳಿಯುತ್ತಾ ನಿಂತುಹೋಯಿತು. ನೀರು ತೊಟ್ಟಿಕ್ಕುವುದು ಕೇಳಿಸಿತು. ಅವಳು ಆ ಬೆನ್ನುಗಳನ್ನು ನೋಡಿದಳು. ಕೈಯಲ್ಲಿ ಕೆಲಸವಿಲ್ಲದಿದ್ದರೂ ಒಬ್ಬನೂ ತಿರುಗುತ್ತಿಲ್ಲ. ಅವಳಿಗೆ ಅರ್ಥವಾಯಿತು. ಮುಖ ಕೆಂಪಗಾಗಿ ಸೆರಗು ಹಿಡಿದ ಕೈ ಮೇಲೆದ್ದಿತು. ಮುಗಿಯಿತು, ಇನ್ನು ಈ ಜನ್ಮದಲ್ಲಿ ಈ ಬಾಯಿ ನನಗೆ ಕಾಣುವುದಿಲ್ಲ ಎಂದುಕೊಂಡೆ.

ಕೈ ಅರ್ಧಕ್ಕೆ ನಿಂತಿತು. ಅವಳು ಅದನ್ನು ಕೆಳಗಿಳಿಸಿ, ಅಷ್ಟೂ ಗಂಡಸರ ಕಿವಿ ತೆರೆದಿರುವ ಆ ಮೌನದಲ್ಲಿ, ನನ್ನ ಮುಖವನ್ನೇ ನೋಡುತ್ತಾ, ಅದೇ ಮಾತನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದಳು. ನನ್ನ ಕಿವಿಗೆ ಬಿದ್ದದ್ದು ಅದೇ ಗಳಗಳ. ತುಟಿ ಮಾತ್ರ ಸ್ಪಷ್ಟವಾಗಿತ್ತು.

"ಬರ್ತೀನಿ" ಎಂದೆ. ಎಷ್ಟು ಜೋರಾಗಿ ಅಂದೆನೋ, ಗೇಟಿನ ನೆರಳಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು.